ಗಾಡಿಗೆ ಮೋಟಾರು ಕೊಳ್ಳುವ ಮೊದಲು ಎಳೆತವನ್ನು ಅಳೆಯಿರಿ

ಕೃಷಿಯಲ್ಲಿ ಸಾಗಾಣಿಕೆಯ ಕೆಲಸ ಕಣ್ಣಿಗೆ ಕಾಣುವುದಕ್ಕಿಂತ ಬಹಳ ಹೆಚ್ಚು. ಒಂದು ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಹಾಕುವುದಾದರೆ, ಸಲಕ್ಕೆ 350 ಕಿ.ಗ್ರಾಂ. ಹೇರುವ ಚಿಕ್ಕ ಗಾಡಿಯು ತಿಪ್ಪೆಯಿಂದ ಜಮೀನಿಗೆ 29 ಸಲ ಹೋಗಿಬರಬೇಕು. ಮಲೆನಾಡಿನಲ್ಲಿ ಅಡಿಕೆ ತೋಟಗಳು ಸಾಮಾನ್ಯವಾಗಿ ಕಣಿವೆಯ ತಳದಲ್ಲಿರುತ್ತವೆ. ಮನೆಯ ಅಂಗಳ ಮೇಲಿರುತ್ತದೆ. ಕೊಯ್ದ ಗೊನೆಗಳನ್ನೆಲ್ಲ ಏರು ದಾರಿಯಲ್ಲಿಯೇ ತರಬೇಕು. ಆಳುಗಳು ಸಿಗುವುದು ಕಷ್ಟವಾಗಿರುವ ಈ ದಿನಗಳಲ್ಲಿ ಬ್ಯಾಟರಿ ಮತ್ತು ಮೋಟಾರು ಅಳವಡಿಸಿದ ಚಿಕ್ಕ ಗಾಡಿಗಳತ್ತ ರೈತರು ಒಲವು ತೋರುತ್ತಿರುವುದು ಸಹಜವೇ ಆಗಿದೆ. ಹಲವರು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ತಾವೇ ಗಾಡಿ ಮಾಡಿಸಿಕೊಳ್ಳುತ್ತಾರೆ.

ಇಂತಹ ಗಾಡಿ ಅಂಗಡಿಯ ಸಿಮೆಂಟು ನೆಲದ ಮೇಲೆ ಸೊಗಸಾಗಿ ಓಡುತ್ತದೆ. ತೋಟದ ಏರಿಗೆ ಬಂದಾಗ ಮಾತ್ರ ನಿಂತುಬಿಡುತ್ತದೆ. ಮೋಟಾರು ಕಾಯುತ್ತದೆ, ಸುರುಳಿ ಸುಡುತ್ತದೆ. ಇನ್ನೂ ಕೆಟ್ಟದ್ದೆಂದರೆ ತುಂಬಿದ ಗಾಡಿ ಹಿಂದಕ್ಕೆ ಉರುಳಿ ಹಿಂದಿದ್ದವರ ಮೇಲೆ ಹರಿಯುವ ಅಪಾಯವಿದೆ. ಇದಕ್ಕೆ ಮೋಟಾರಿನ ದೋಷವೇ ಕಾರಣವಾಗಿರಬೇಕೆಂದಿಲ್ಲ. ಗಾಡಿಗೆ ಎಷ್ಟು ತಿರುಗುಬಲ ಬೇಕೆಂಬ ಲೆಕ್ಕವನ್ನು ಮೊದಲೇ ಮಾಡದಿರುವುದೇ ಅನೇಕ ವೇಳೆ ಕಾರಣ. ಈ ಲೆಕ್ಕಕ್ಕೆ ಗುಣಾಕಾರ ಭಾಗಾಕಾರ ಬಂದರೆ ಸಾಕು. ಒಂದು ಸ್ಪ್ರಿಂಗ್ ತಕ್ಕಡಿ, ಒಂದು ಅಳತೆ ಟೇಪು ಮತ್ತು ಒಂದು ನೆಟ್ಟನೆಯ ಕೋಲು ಇದ್ದರೆ ರೈತರು ಸ್ವತಃ ಮಾಡಿಕೊಳ್ಳಬಹುದು.

ತಿರುಗುಬಲ ಎಂದರೇನು?

ಬೀಸುವ ಕಲ್ಲಿನ ಗೂಟವು ಅಂಚಿನಲ್ಲಿದ್ದರೆ ಕಲ್ಲು ಸುಲಭವಾಗಿ ತಿರುಗುತ್ತದೆ. ಅದೇ ಗೂಟವನ್ನು ನಡುಗೂಟದ ಹತ್ತಿರ ನೆಟ್ಟರೆ ಎರಡು ಕೈ ಹಾಕಿದರೂ ಕಷ್ಟ. ಅಂದರೆ, ತಿರುಗಿಸುವ ಶಕ್ತಿಯು ನಾವು ಹಾಕುವ ಬಲವನ್ನು ಮಾತ್ರವಲ್ಲದೆ, ಆ ಬಲವು ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಅವಲಂಬಿಸಿದೆ. ಬಲವನ್ನು ದೂರದಿಂದ ಗುಣಿಸಿದಾಗ ಬರುವುದೇ ತಿರುಗುಬಲ. ಮೋಟಾರಿನವರು ಇದನ್ನೇ ಟಾರ್ಕ್ ಎನ್ನುತ್ತಾರೆ.

ಗಾಡಿಯ ವಿಷಯದಲ್ಲಿ ಬಲವೆಂದರೆ ಗಾಡಿಯನ್ನು ಮುಂದಕ್ಕೆ ಒಯ್ಯಲು ಬೇಕಾದ ಎಳೆತ. ದೂರವೆಂದರೆ ಅಚ್ಚಿನ ನಡುವಿನಿಂದ ನೆಲದವರೆಗಿನ ಅಳತೆ, ಅಂದರೆ ಗಾಲಿಯ ಅರ್ಧ ವ್ಯಾಸ. ಆದ್ದರಿಂದ,

ಗಾಲಿಗೆ ಬೇಕಾದ ತಿರುಗುಬಲ = ಎಳೆತ × ಗಾಲಿಯ ಅರ್ಧ ವ್ಯಾಸ

ಎಳೆತವನ್ನು ಕಿಲೋಗ್ರಾಂನಲ್ಲಿ, ಅರ್ಧ ವ್ಯಾಸವನ್ನು ಮೀಟರಿನಲ್ಲಿ ತೆಗೆದುಕೊಂಡರೆ ತಿರುಗುಬಲವು ಕಿಲೋಗ್ರಾಂ-ಮೀಟರಿನಲ್ಲಿ ಬರುತ್ತದೆ. ಕೆಲವು ಮೋಟಾರುಗಳ ಫಲಕದಲ್ಲಿ ನ್ಯೂಟನ್-ಮೀಟರ್ ಎಂದು ಬರೆದಿರುತ್ತದೆ. ಕಿಲೋಗ್ರಾಂ-ಮೀಟರನ್ನು 9.8ರಿಂದ ಗುಣಿಸಿದರೆ ನ್ಯೂಟನ್-ಮೀಟರ್ ದೊರೆಯುತ್ತದೆ.

ಗಾಡಿಯನ್ನು ತಡೆಯುವ ಮೂರು ಅಂಶಗಳು

1. ನೆಲದ ತಡೆ: ಗಾಲಿ ಉರುಳುವಾಗ ನೆಲ ತಗ್ಗುತ್ತದೆ, ಟೈರು ಚಪ್ಪಟೆಯಾಗುತ್ತದೆ, ಅಚ್ಚಿನಲ್ಲಿ ಘರ್ಷಣೆಯಾಗುತ್ತದೆ. ಇವೆಲ್ಲ ಸೇರಿ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತವೆ. ಗಾಳಿ ತುಂಬಿದ ಟೈರಿನ ಚಿಕ್ಕ ಗಾಡಿಗೆ, ಹೇರು ಸೇರಿದಂತೆ ಪ್ರತಿ 100 ಕಿ.ಗ್ರಾಂ. ತೂಕಕ್ಕೆ ಸಮತಟ್ಟಿನಲ್ಲಿ ಬೇಕಾಗುವ ಎಳೆತ ಅಂದಾಜು ಹೀಗಿದೆ.

ಸಿಮೆಂಟು ನೆಲ: 2 ಕಿ.ಗ್ರಾಂ.
ಗಟ್ಟಿಯಾದ ಮಣ್ಣಿನ ದಾರಿ: 3 ರಿಂದ 5 ಕಿ.ಗ್ರಾಂ.
ಉಳುಮೆ ಮಾಡಿದ ಒಣ ನೆಲ: 10 ರಿಂದ 15 ಕಿ.ಗ್ರಾಂ.
ಕೆಸರು ಅಥವಾ ಸಡಿಲ ಮರಳು: 20 ಕಿ.ಗ್ರಾಂ. ಮತ್ತು ಹೆಚ್ಚು

2. ಏರು: ದಾರಿಯು 10 ಮೀಟರ್ ಹೋಗುವಷ್ಟರಲ್ಲಿ 1 ಮೀಟರ್ ಮೇಲೆದ್ದರೆ ಅದು ಶೇಕಡಾ 10ರ ಏರು. ಆಗ ಒಟ್ಟು ತೂಕದ ಶೇಕಡಾ 10ರಷ್ಟು ಎಳೆತ ಹೆಚ್ಚಿಗೆ ಬೇಕು. ಶೇಕಡಾ 20ರ ಏರಿನವರೆಗೆ ಈ ನಿಯಮ ಹೆಚ್ಚು ವ್ಯತ್ಯಾಸವಿಲ್ಲದೆ ಸರಿಹೋಗುತ್ತದೆ. ನೆಲದ ತಡೆಯು ಎಷ್ಟೇ ಇರಲಿ, ಏರಿನ ಎಳೆತವನ್ನು ಅದಕ್ಕೆ ಕೂಡಿಸಲೇಬೇಕು.

3. ಹೊರಡುವ ಹೊತ್ತಿನ ಎಳೆತ: ನಿಂತ ಗಾಡಿಯನ್ನು ನಡಿಗೆಯ ವೇಗಕ್ಕೆ ತರಲು ಇನ್ನಷ್ಟು ಎಳೆತ ಬೇಕು. ಗಂಟೆಗೆ 4 ಕಿ.ಮೀ. ವೇಗವನ್ನು 3 ಸೆಕೆಂಡುಗಳಲ್ಲಿ ಮುಟ್ಟಬೇಕಾದರೆ ಪ್ರತಿ 100 ಕಿ.ಗ್ರಾಂ. ತೂಕಕ್ಕೆ ಸುಮಾರು 4 ಕಿ.ಗ್ರಾಂ. ಸೇರಿಸಿಕೊಳ್ಳಬೇಕು. ಎತ್ತುಗಳು ಗಾಡಿ ಹೊರಡಿಸುವಾಗ ತಲೆ ತಗ್ಗಿಸಿ ಮೈಭಾರವನ್ನೆಲ್ಲ ನೊಗಕ್ಕೆ ಕೊಡುವುದನ್ನು ಎಲ್ಲರೂ ನೋಡಿದ್ದೇವೆ. ಮೋಟಾರಿಗೂ ಆ ಕ್ಷಣ ಕಷ್ಟದ್ದೇ.

ಜಮೀನಿನಲ್ಲಿ ಅಳೆಯುವ ವಿಧಾನ

ಮೇಲಿನ ಅಂಕಿಗಳು ಅಂದಾಜಿಗೆ ಮಾತ್ರ. ನಿಮ್ಮ ದಾರಿಯ ಮಣ್ಣನ್ನು ನೀವೇ ಅಳೆಯುವುದು ಉತ್ತಮ. ಮೋಟಾರು ಜೋಡಿಸುವ ಮೊದಲು, ಗಾಲಿಗಳು ಸರಾಗವಾಗಿ ತಿರುಗುವಂತಿರುವಾಗ ಈ ಪರೀಕ್ಷೆಯನ್ನು ಮಾಡಬೇಕು. ಗಾಡಿಯ ಮುಂಭಾಗಕ್ಕೆ ಹಗ್ಗ ಕಟ್ಟಿ, ನಡುವೆ 25 ಅಥವಾ 50 ಕಿ.ಗ್ರಾಂ. ಅಳತೆಯ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ. ದಾರಿಯ ಸಮತಟ್ಟಾದ ಭಾಗದಲ್ಲಿ, ಹಗ್ಗವು ನೆಲಕ್ಕೆ ಸಮಾನಾಂತರವಾಗಿರುವಂತೆ ಹಿಡಿದು, ಒಂದೇ ವೇಗದಲ್ಲಿ ನಿಧಾನವಾಗಿ ಎಳೆಯಿರಿ. ಹೊರಡುವಾಗಿನ ಜಗ್ಗುವಿಕೆಯನ್ನು ಬಿಟ್ಟು, ಗಾಡಿ ನಡೆಯುತ್ತಿರುವಾಗ ಮುಳ್ಳು ತೋರಿಸುವ ತೂಕವನ್ನು ಬರೆದುಕೊಳ್ಳಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆದು ಸರಾಸರಿ ತೆಗೆಯಿರಿ. ಅರ್ಧ ತೂಕದಲ್ಲಿ ಅಳೆದಿದ್ದರೆ ಬಂದ ಅಂಕಿಯನ್ನು ಎರಡರಿಂದ ಗುಣಿಸಿದರಾಯಿತು. ತುಂಬಿದ ಗಾಡಿಯನ್ನು ಏರಿನಲ್ಲಿ ಎಳೆದು ನೋಡುವ ಸಾಹಸ ಬೇಡ. ಏರಿನ ಪಾಲನ್ನು ಲೆಕ್ಕದಿಂದಲೇ ಸೇರಿಸಬಹುದು.

ಏರನ್ನು ಅಳೆಯಲು 3 ಮೀಟರ್ ಉದ್ದದ ನೆಟ್ಟನೆಯ ಕೋಲನ್ನು ದಾರಿಯ ಉದ್ದಕ್ಕೆ ಇಡಿ. ಮೇಲುಭಾಗದ ತುದಿ ನೆಲದ ಮೇಲಿರಲಿ. ಕೆಳಭಾಗದ ತುದಿಯನ್ನು ಎತ್ತುತ್ತಾ ಗಾರೆಯವರ ರಸಮಟ್ಟವನ್ನು ಇಟ್ಟು ಸಮಮಾಡಿ. ಆ ತುದಿಯಿಂದ ನೆಲಕ್ಕೆ 30 ಸೆಂ.ಮೀ. ಇದ್ದರೆ ಏರು ಶೇಕಡಾ 10; 45 ಸೆಂ.ಮೀ. ಇದ್ದರೆ ಶೇಕಡಾ 15. ದಾರಿಯ ಅತಿ ಕಡಿದಾದ ಜಾಗವನ್ನೇ ಅಳೆಯಬೇಕು. ಗಾಡಿ ನಿಲ್ಲುವುದು ಸರಾಸರಿ ಏರಿನಲ್ಲಲ್ಲ, ಅತಿ ಕಡಿದಾದ ಏರಿನಲ್ಲಿ.

ಒಂದು ಉದಾಹರಣೆ

ಗಾಡಿ, ಮೋಟಾರು, ಬ್ಯಾಟರಿ ಸೇರಿ 150 ಕಿ.ಗ್ರಾಂ., ಹೇರು 350 ಕಿ.ಗ್ರಾಂ. ಎಂದಿಟ್ಟುಕೊಳ್ಳೋಣ. ಒಟ್ಟು 500 ಕಿ.ಗ್ರಾಂ. ಗಾಲಿಯ ವ್ಯಾಸ 40 ಸೆಂ.ಮೀ., ಅರ್ಧ ವ್ಯಾಸ 0.2 ಮೀಟರ್. ಮಣ್ಣಿನ ದಾರಿಯಲ್ಲಿ ನೆಲದ ತಡೆ ಶೇಕಡಾ 5, ಅಂದರೆ 25 ಕಿ.ಗ್ರಾಂ. ದಾರಿಯ ಅತಿ ಕಡಿದಾದ ಏರು ಶೇಕಡಾ 10.

ನೆಲದ ತಡೆ: 25 ಕಿ.ಗ್ರಾಂ.
ಏರಿನ ಎಳೆತ: 50 ಕಿ.ಗ್ರಾಂ.
ಏರಿನಲ್ಲಿ ನಡೆಯುವಾಗ ಒಟ್ಟು: 75 ಕಿ.ಗ್ರಾಂ.
ಹೊರಡುವಾಗ ಹೆಚ್ಚುವರಿ: 19 ಕಿ.ಗ್ರಾಂ.
ಏರಿನಲ್ಲಿ ಹೊರಡುವಾಗ ಒಟ್ಟು: 94 ಕಿ.ಗ್ರಾಂ.

ಗಾಲಿಯ ಬಳಿ ಬೇಕಾದ ತಿರುಗುಬಲವು ನಡೆಯುವಾಗ 75 × 0.2 = 15 ಕಿಲೋಗ್ರಾಂ-ಮೀಟರ್; ಹೊರಡುವಾಗ 94 × 0.2 = ಸುಮಾರು 19 ಕಿಲೋಗ್ರಾಂ-ಮೀಟರ್.

ಇದೇ ಗಾಡಿಯನ್ನು ಅಂಗಡಿಯ ಸಿಮೆಂಟು ನೆಲದ ಮೇಲೆ ನಡೆಸಲು ಬೇಕಾದ ಎಳೆತ ಕೇವಲ 10 ಕಿ.ಗ್ರಾಂ. ತೋಟದ ಏರಿನಲ್ಲಿ ಅದರ ಏಳೂವರೆ ಪಟ್ಟು ಬೇಕು. ಅಂಗಡಿಯ ಮುಂದೆ ಓಡಿಸಿ ನೋಡಿ ಗಾಡಿಯನ್ನು ಒಪ್ಪಿಕೊಳ್ಳಬಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ 75 ಕಿ.ಗ್ರಾಂ. ಎಷ್ಟು ದೊಡ್ಡದೆಂಬುದನ್ನು ಎತ್ತುಗಳಿಗೆ ಹೋಲಿಸಿ ನೋಡಬಹುದು. ಒಳ್ಳೆಯ ಎತ್ತು ತನ್ನ ತೂಕದ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಎಳೆತವನ್ನು ಗಂಟೆಗಟ್ಟಲೆ ಕೊಡಬಲ್ಲದು. ಎರಡೂ ಸೇರಿ 800 ಕಿ.ಗ್ರಾಂ. ತೂಗುವ ಜೋಡಿಯಿಂದ 80 ಕಿ.ಗ್ರಾಂ. ಎಳೆತ ಸಿಗುತ್ತದೆ. ಅಂದರೆ ನಮ್ಮ ಚಿಕ್ಕ ಗಾಡಿಯು ಏರಿನಲ್ಲಿ ಒಂದು ಜೊತೆ ಎತ್ತಿನ ಕೆಲಸವನ್ನೇ ಬೇಡುತ್ತದೆ. ಇದನ್ನು ಅರ್ಧ ಅಶ್ವಶಕ್ತಿಯ ಮೋಟಾರಿನಿಂದ ನಿರೀಕ್ಷಿಸುವುದು ಸಾಧುವಲ್ಲ.

ಗಿಯರು ಮತ್ತು ಮೋಟಾರಿನ ಆಯ್ಕೆ

ಗಾಡಿಯ ಹಿಂದೆ ಆಳು ನಡೆದುಹೋಗುವುದರಿಂದ ಗಂಟೆಗೆ 4 ಕಿ.ಮೀ. ಮೀರಿದ ವೇಗ ಬೇಡ. 40 ಸೆಂ.ಮೀ. ಗಾಲಿಯ ಸುತ್ತಳತೆ 1.26 ಮೀಟರ್. ನಿಮಿಷಕ್ಕೆ 50 ಸುತ್ತು ತಿರುಗಿದರೆ ನಿಮಿಷಕ್ಕೆ 63 ಮೀಟರ್, ಅಂದರೆ ಗಂಟೆಗೆ ಸುಮಾರು 3.8 ಕಿ.ಮೀ. ವೇಗ ಬರುತ್ತದೆ. ಮೋಟಾರು ನಿಮಿಷಕ್ಕೆ 1,500 ಸುತ್ತು ತಿರುಗುವಂಥದಾದರೆ ಅದನ್ನು 30ಕ್ಕೆ 1ರಂತೆ ಇಳಿಸುವ ಗಿಯರು ಮತ್ತು ಚೈನು ಬೇಕು.

ಗಿಯರು ವೇಗವನ್ನು ಎಷ್ಟು ಪಟ್ಟು ಇಳಿಸುತ್ತದೆಯೋ ತಿರುಗುಬಲವನ್ನು ಅಷ್ಟು ಪಟ್ಟು ಏರಿಸುತ್ತದೆ. ಆದರೆ ಹಲ್ಲು ಮತ್ತು ಚೈನಿನ ಘರ್ಷಣೆಯಲ್ಲಿ ಸ್ವಲ್ಪ ಪಾಲು ನಷ್ಟವಾಗುತ್ತದೆ. ನೂರಕ್ಕೆ 75 ಭಾಗ ಮಾತ್ರ ಗಾಲಿಗೆ ತಲುಪುತ್ತದೆಂದು ಹಿಡಿದರೆ, 30 ಪಟ್ಟಿನ ಬದಲು 22.5 ಪಟ್ಟು ಸಿಕ್ಕಂತಾಯಿತು. ಆದ್ದರಿಂದ ಮೋಟಾರು ಕೊಡಬೇಕಾದ ತಿರುಗುಬಲವು ನಡೆಯುವಾಗ 15 ÷ 22.5 = 0.67 ಕಿಲೋಗ್ರಾಂ-ಮೀಟರ್, ಹೊರಡುವಾಗ ಸುಮಾರು 0.84 ಕಿಲೋಗ್ರಾಂ-ಮೀಟರ್.

ಮೋಟಾರಿನ ಫಲಕದಲ್ಲಿ ತಿರುಗುಬಲವನ್ನು ಬರೆಯದೆ ವ್ಯಾಟ್ ಮತ್ತು ಸುತ್ತುಗಳನ್ನು ಮಾತ್ರ ಬರೆದಿದ್ದರೆ ಒಂದು ಸುಲಭ ಸೂತ್ರವಿದೆ. ವ್ಯಾಟ್ ಸಂಖ್ಯೆಯನ್ನು ನಿಮಿಷದ ಸುತ್ತುಗಳಿಂದ ಭಾಗಿಸಿದರೆ ಕಿಲೋಗ್ರಾಂ-ಮೀಟರಿನಲ್ಲಿ ತಿರುಗುಬಲ ದೊರೆಯುತ್ತದೆ. ನಿಜವಾದ ಅಂಕಿ ಇದಕ್ಕಿಂತ ನೂರಕ್ಕೆ ಎರಡು ಮೂರು ಭಾಗ ಕಡಿಮೆಯಿರುವುದರಿಂದ ತೋಟದ ಲೆಕ್ಕಕ್ಕೆ ಇದು ಧಾರಾಳವಾಗಿ ಸಾಕು. 1,000 ವ್ಯಾಟಿನ, 1,500 ಸುತ್ತಿನ ಮೋಟಾರು ಕೊಡುವುದು 0.67ಕ್ಕಿಂತ ತುಸು ಕಡಿಮೆ. ನಮ್ಮ ಏರಿನಲ್ಲಿ ಅದು ಸದಾ ಪೂರ್ತಿ ಭಾರದಲ್ಲಿಯೇ ದುಡಿಯಬೇಕಾಗುತ್ತದೆ. 1,500 ವ್ಯಾಟಿನ ಮೋಟಾರು ಸುಮಾರು 0.97 ಕೊಡುವುದರಿಂದ ಹೊರಡುವ ಕ್ಷಣಕ್ಕೂ ಸಾಕಾಗಿ ಗುಂಡಿ ಗೊಟರಿಗೂ ಸ್ವಲ್ಪ ಉಳಿಯುತ್ತದೆ. ಇದನ್ನು ಆರಿಸುವುದು ಕ್ಷೇಮ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ವ್ಯಾಟ್ ಒಂದನ್ನೇ ನೋಡಿ ಮೋಟಾರು ಕೊಳ್ಳಬಾರದು. ಅದೇ 1,500 ವ್ಯಾಟಿನ, ಆದರೆ 3,000 ಸುತ್ತಿನ ಮೋಟಾರನ್ನು ಅದೇ 30ಕ್ಕೆ 1ರ ಗಿಯರಿಗೆ ಜೋಡಿಸಿದರೆ ಗಾಲಿಗೆ ತಲುಪುವುದು 11 ಕಿಲೋಗ್ರಾಂ-ಮೀಟರ್ ಮಾತ್ರ. ಬೇಕಾದದ್ದು 15. ಗಾಡಿ ಸಮತಟ್ಟಿನಲ್ಲಿ ನಡೆಯುವ ಆಳಿಗಿಂತ ವೇಗವಾಗಿ ಓಡುತ್ತದೆ, ಏರಿನಲ್ಲಿ ನಿಂತುಬಿಡುತ್ತದೆ. ಅದಕ್ಕೆ 60ಕ್ಕೆ 1ರ ಗಿಯರು ಹಾಕಿದರೆ ಅದೇ ಮೋಟಾರು ಅದೇ ಏರನ್ನು ಹತ್ತುತ್ತದೆ. ಆದ್ದರಿಂದ ವ್ಯಾಟ್, ಸುತ್ತು, ಗಿಯರು ಈ ಮೂರನ್ನೂ ಕೇಳಿ ತಿಳಿದುಕೊಳ್ಳಬೇಕು. ಫಲಕದ ಅಂಕಿ ಸತತವಾಗಿ ದುಡಿಯುವ ಶಕ್ತಿಯೋ, ಕ್ಷಣಕಾಲದ ಗರಿಷ್ಠ ಶಕ್ತಿಯೋ ಎಂಬುದನ್ನೂ ಕೇಳಬೇಕು. ನಡೆಯುವಾಗಿನ ತಿರುಗುಬಲವು ಸತತ ಶಕ್ತಿಯೊಳಗೇ ಇರಬೇಕು.

ದೊಡ್ಡ ಗಾಲಿಯೋ, ಚಿಕ್ಕ ಗಾಲಿಯೋ?

ಗಾಲಿ ದೊಡ್ಡದಾದಷ್ಟೂ ಅದೇ ಎಳೆತಕ್ಕೆ ಹೆಚ್ಚು ತಿರುಗುಬಲ ಬೇಕೆಂಬುದು ಮೇಲಿನ ಸೂತ್ರದಿಂದ ತಿಳಿಯುತ್ತದೆ. ಹಾಗೆಂದು ತೀರ ಚಿಕ್ಕ ಗಾಲಿ ಹಾಕುವುದು ಸರಿಯಲ್ಲ. 100 ಕಿ.ಗ್ರಾಂ. ಭಾರ ಹೊತ್ತ, ತಾನಾಗಿ ತಿರುಗದ ಮುಂಗಾಲಿಯೊಂದು 5 ಸೆಂ.ಮೀ. ಎತ್ತರದ ಕಲ್ಲನ್ನು ಹತ್ತಬೇಕೆನ್ನಿ. ಗಾಲಿಯ ವ್ಯಾಸ 40 ಸೆಂ.ಮೀ. ಇದ್ದರೆ ಸುಮಾರು 88 ಕಿ.ಗ್ರಾಂ. ಎಳೆತ ಬೇಕು. 80 ಸೆಂ.ಮೀ. ಇದ್ದರೆ 55 ಕಿ.ಗ್ರಾಂ. ಸಾಕು. ಟೈರಿನ ಮೆತುವಿನಿಂದ ಇದು ಸ್ವಲ್ಪ ತಗ್ಗಿದರೂ ವ್ಯತ್ಯಾಸ ಉಳಿದೇ ಉಳಿಯುತ್ತದೆ. ನಮ್ಮ ಹಿರಿಯರು ಎತ್ತಿನ ಗಾಡಿಗೆ ಎತ್ತರದ ಗಾಲಿಗಳನ್ನು ಹಾಕಿದ್ದರ ಗುಟ್ಟು ಇದೇ.

ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಯ ಪ್ರಶ್ನೆಯನ್ನು ದೇಶದ ಗಮನಕ್ಕೆ ತಂದರು. ಎತ್ತಿನ ಹೆಗಲಿನ ಹೊರೆಯನ್ನು ಕಡಿಮೆ ಮಾಡಲು ಗಾಲಿ, ಅಚ್ಚು, ಬೇರಿಂಗುಗಳನ್ನು ಸುಧಾರಿಸಬೇಕೆಂಬ ಆ ತತ್ವ ಮೋಟಾರು ಗಾಡಿಗೂ ಅನ್ವಯಿಸುತ್ತದೆ. ಹಿಂದೆ ಕೀಲೆಣ್ಣೆ ಹಾಕದೆ ಗಾಡಿ ಹೂಡುತ್ತಿರಲಿಲ್ಲ. ಇಂದು ಬೇರಿಂಗಿಗೆ ಗ್ರೀಸು, ಚೈನಿಗೆ ಎಣ್ಣೆ, ಟೈರಿಗೆ ತಕ್ಕಷ್ಟು ಗಾಳಿ ಇವು ಅದೇ ಕೆಲಸ ಮಾಡುತ್ತವೆ. ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ಉಳಿಯುವುದು ಬ್ಯಾಟರಿಯ ಶಕ್ತಿ.

ಗಾಲಿ ಜಾರಿದರೆ ಮೋಟಾರು ಏನು ಮಾಡೀತು?

ಮೋಟಾರು ಎಷ್ಟೇ ಬಲವಾಗಿರಲಿ, ನೆಲ ಹಿಡಿತ ಕೊಡದಿದ್ದರೆ ಗಾಲಿ ನಿಂತಲ್ಲೇ ಸುತ್ತುತ್ತದೆ. ನಮ್ಮ ಗಾಡಿಯಲ್ಲಿ ಮೋಟಾರು ತಿರುಗಿಸುವ ಎರಡು ಗಾಲಿಗಳ ಮೇಲೆ 300 ಕಿ.ಗ್ರಾಂ. ಭಾರವಿದೆ ಎನ್ನೋಣ. ಒಣಗಿದ ಗಟ್ಟಿ ಮಣ್ಣಿನಲ್ಲಿ ಆ ಭಾರದ ಅರ್ಧದಷ್ಟು, ಅಂದರೆ 150 ಕಿ.ಗ್ರಾಂ. ಎಳೆತಕ್ಕೆ ಹಿಡಿತ ಸಿಗಬಹುದು. ಒದ್ದೆ ಮಣ್ಣಿನಲ್ಲಿ ಅದು ನೂರಕ್ಕೆ 30ಕ್ಕೆ ಇಳಿದರೆ 90 ಕಿ.ಗ್ರಾಂ. ಮಾತ್ರ. ನಮಗೆ ಹೊರಡುವಾಗ ಬೇಕಾದದ್ದು 94. ಮಳೆ ಬಂದ ಮರುದಿನ ಗಾಡಿ ಹೊರಡದಿದ್ದರೆ ಮೋಟಾರನ್ನು ದೂರಬಾರದು. ಮೋಟಾರು ತಿರುಗಿಸುವ ಗಾಲಿಗಳ ಮೇಲೆಯೇ ಹೆಚ್ಚು ಭಾರ ಬೀಳುವಂತೆ ಹೇರನ್ನು ಜೋಡಿಸುವುದು, ಆಳವಾದ ಹಲ್ಲಿನ ಟೈರು ಹಾಕುವುದು ಇದಕ್ಕೆ ಪರಿಹಾರ. ಆದರೆ ಏರಿನಲ್ಲಿ ಮುಂಭಾಗ ಮೇಲೇಳುವಷ್ಟು ಭಾರವನ್ನು ಹಿಂದಕ್ಕೆ ಸರಿಸಕೂಡದು.

ಬ್ರೇಕನ್ನು ಮರೆಯಬೇಡಿ

ಏರು ಹತ್ತಿದ ಗಾಡಿ ಇಳಿಯಲೇಬೇಕು. ಶೇಕಡಾ 10ರ ಇಳಿಜಾರಿನ ಸಿಮೆಂಟು ದಾರಿಯಲ್ಲಿ ಕೈತಪ್ಪಿದ 500 ಕಿ.ಗ್ರಾಂ. ಗಾಡಿಯು 20 ಮೀಟರ್ ಉರುಳುವಷ್ಟರಲ್ಲಿ ಗಂಟೆಗೆ ಸುಮಾರು 20 ಕಿ.ಮೀ. ವೇಗ ಪಡೆಯುತ್ತದೆ. ಇದಕ್ಕೆ ಹಿಡಿಯುವ ಸಮಯ ಏಳು ಸೆಕೆಂಡು. ಅದನ್ನು ಯಾವ ಆಳೂ ಹಿಡಿದು ನಿಲ್ಲಿಸಲಾರ.

ನಡಿಗೆಯ ವೇಗದಲ್ಲಿ ಇಳಿಯುತ್ತಿರುವ ಇದೇ ಗಾಡಿಯನ್ನು ಒಂದು ಮೀಟರಿನೊಳಗೆ ನಿಲ್ಲಿಸಲು ಗಾಲಿಯ ಬಳಿ ಸುಮಾರು 14 ಕಿಲೋಗ್ರಾಂ-ಮೀಟರ್ ತಿರುಗುಬಲ ಬೇಕು. ಅಂದರೆ ಏರಲು ಮೋಟಾರಿಗೆ ಎಷ್ಟು ಬೇಕೋ ನಿಲ್ಲಿಸಲು ಬ್ರೇಕಿಗೂ ಹೆಚ್ಚುಕಡಿಮೆ ಅಷ್ಟೇ ಬೇಕು. ಬ್ರೇಕು ಗಾಲಿಗೇ ಹಿಡಿಯುವಂತಿರಬೇಕು. ಮೋಟಾರಿನ ದಂಡಕ್ಕೆ ಮಾತ್ರ ಬ್ರೇಕಿದ್ದು ನಡುವಿನ ಚೈನು ಕಡಿದರೆ ಅದರಿಂದ ಪ್ರಯೋಜನವಿಲ್ಲ. ಸ್ವಿಚ್ಚು ಬಿಟ್ಟರೆ ಮೋಟಾರೇ ಗಾಡಿಯನ್ನು ಹಿಡಿದುಕೊಳ್ಳುತ್ತದೆಂದು ನಂಬಬೇಡಿ. ಏರಿನಲ್ಲಿ ನಿಲ್ಲಿಸಿದಾಗ ಗಾಲಿಗೆ ಅಡ್ಡಗಲ್ಲು ಅಥವಾ ಮರದ ಬೆಣೆ ಕೊಡುವುದು ಕಡ್ಡಾಯ. ತುಂಬಿದ ಗಾಡಿ ಏರುವಾಗ ಅದರ ನೇರ ಹಿಂದೆ ಮಕ್ಕಳಾಗಲಿ ದೊಡ್ಡವರಾಗಲಿ ನಿಲ್ಲಬಾರದು. ನಡೆಸುವವರೂ ಪಕ್ಕಕ್ಕೆ ಸರಿದು ನಡೆಯುವಂತೆ ಹಿಡಿಯನ್ನು ಮಾಡಿಸಬೇಕು.

ಮೋಟಾರಿಗಿಂತ ದಾರಿಯನ್ನು ಸರಿಪಡಿಸುವುದು ಅಗ್ಗ

ನಮ್ಮ ಉದಾಹರಣೆಯ ಗಾಡಿಗೆ ಬೇರೆ ಬೇರೆ ಏರಿನಲ್ಲಿ ಮಣ್ಣಿನ ದಾರಿಯಲ್ಲಿ ನಡೆಯುವಾಗ ಗಾಲಿಯ ಬಳಿ ಬೇಕಾಗುವ ತಿರುಗುಬಲ ಹೀಗಿದೆ.

ಸಮತಟ್ಟು: 5 ಕಿಲೋಗ್ರಾಂ-ಮೀಟರ್
ಶೇಕಡಾ 5: 10 ಕಿಲೋಗ್ರಾಂ-ಮೀಟರ್
ಶೇಕಡಾ 10: 15 ಕಿಲೋಗ್ರಾಂ-ಮೀಟರ್
ಶೇಕಡಾ 15: 20 ಕಿಲೋಗ್ರಾಂ-ಮೀಟರ್
ಶೇಕಡಾ 20: 25 ಕಿಲೋಗ್ರಾಂ-ಮೀಟರ್

ತೋಟದಿಂದ ಅಂಗಳಕ್ಕೆ 15 ಮೀಟರ್ ಎತ್ತರವಿದೆ ಎನ್ನೋಣ. ಶೇಕಡಾ 20ರಂತೆ ನೇರ ಹತ್ತುವ ದಾರಿ 75 ಮೀಟರ್. ಅದನ್ನೇ ಓರೆಯಾಗಿ, ತಿರುವು ಕೊಟ್ಟು, ಶೇಕಡಾ 10ರಂತೆ ಮಾಡಿದರೆ 150 ಮೀಟರ್. ನಡಿಗೆ ಒಂದು ನಿಮಿಷಕ್ಕೂ ಸ್ವಲ್ಪ ಹೆಚ್ಚಾಗುತ್ತದೆ. ಆದರೆ ಮೋಟಾರಿಗೆ ಬೇಕಾದ ತಿರುಗುಬಲ 25ರಿಂದ 15ಕ್ಕೆ ಇಳಿಯುತ್ತದೆ, ಬ್ರೇಕಿನ ಮೇಲಿನ ಹೊರೆಯೂ ತಗ್ಗುತ್ತದೆ. ಬೇಸಾಯದ ದೃಷ್ಟಿಯಿಂದಲೂ ಇದು ಹಿತಕರ. ಇಳಿಜಾರಿನಲ್ಲಿ ನೇರವಾಗಿ ಮೇಲಕ್ಕೆ ಹೋಗುವ ಗಾಡಿ ಜಾಡು ಎರಡು ಮೂರು ಮಳೆಗಾಲದಲ್ಲಿ ಕೊರಕಲಾಗಿ ಮೇಲ್ಮಣ್ಣನ್ನು ಕೊಚ್ಚಿ ಒಯ್ಯುತ್ತದೆ. ಓರೆ ದಾರಿಯ ಒಳಬದಿಗೆ ಬಸಿಗಾಲುವೆ ತೆಗೆದು, ಹೊರಬದಿಗೆ ಹುಲ್ಲು ನೆಟ್ಟರೆ ಮಣ್ಣೂ ಉಳಿಯುತ್ತದೆ, ದಾರಿಯೂ ಗಟ್ಟಿಯಾಗುತ್ತದೆ. ದಾರಿ ಮಾಡಲು ಜಾಗವೇ ಇಲ್ಲದಿದ್ದರೆ ಹೇರನ್ನು ಕಡಿಮೆ ಮಾಡಿ. ಶೇಕಡಾ 20ರ ಏರಿನಲ್ಲಿ ಒಟ್ಟು ತೂಕ 300 ಕಿ.ಗ್ರಾಂ.ಗೆ ಇಳಿದರೆ ಎಳೆತ ಪುನಃ 75 ಕಿ.ಗ್ರಾಂ. ಆಗುತ್ತದೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ಗಾಡಿ ಮತ್ತು ಹೇರಿನ ಒಟ್ಟು ತೂಕವನ್ನು ಗುರುತು ಹಾಕಿಕೊಳ್ಳಿ.
2. ಸಮತಟ್ಟಿನ ಎಳೆತವನ್ನು ಸ್ಪ್ರಿಂಗ್ ತಕ್ಕಡಿಯಿಂದ ಅಳೆಯಿರಿ. ಮಳೆಗಾಲದ ದಾರಿಗೂ ಒಮ್ಮೆ ಅಳೆಯಿರಿ.
3. ಅತಿ ಕಡಿದಾದ ಏರನ್ನು ಅಳೆದು, ಅದರ ಶೇಕಡಾ ಪಾಲನ್ನು ಎಳೆತಕ್ಕೆ ಸೇರಿಸಿ.
4. ಹೊರಡುವ ಹೊತ್ತಿಗಾಗಿ ನೂರು ಕಿ.ಗ್ರಾಂ.ಗೆ 4 ಕಿ.ಗ್ರಾಂ. ಸೇರಿಸಿ.
5. ಗಾಲಿಯ ಅರ್ಧ ವ್ಯಾಸದಿಂದ ಗುಣಿಸಿ. ಗಿಯರಿನ ಪಟ್ಟು ಮತ್ತು ನಷ್ಟದಿಂದ ಭಾಗಿಸಿ ಮೋಟಾರಿನ ತಿರುಗುಬಲ ತಿಳಿಯಿರಿ.
6. ಗಾಲಿಗೆ ಹಿಡಿಯುವ ಬ್ರೇಕಿಲ್ಲದ ಗಾಡಿಯನ್ನು ಇಳಿಜಾರಿಗೆ ಒಯ್ಯಬೇಡಿ.

ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಮಾರುವವರಿಗೆ ನಿಮ್ಮ ತೋಟದ ಏರು ಗೊತ್ತಿರುವುದಿಲ್ಲ, ನಿಮಗೆ ಗೊತ್ತಿದೆ. ಸಾಧ್ಯವಿದ್ದರೆ ಹಣ ಪೂರ್ತಿ ಕೊಡುವ ಮೊದಲು ಗಾಡಿಯನ್ನು ನಿಮ್ಮ ದಾರಿಯಲ್ಲಿಯೇ ನಡೆಸಿ ತೋರಿಸಬೇಕೆಂದು ಕೇಳಿ. ಮೊದಲು ಕಾಲುಭಾಗ, ಆಮೇಲೆ ಅರ್ಧ, ಕೊನೆಗೆ ಪೂರ್ತಿ ಹೇರಿ, ಏರಿನ ನಡುವೆ ನಿಲ್ಲಿಸಿ ಪುನಃ ಹೊರಡಿಸಿ ನೋಡಿ. ಪ್ರತಿ ಸಲವೂ ಬೆಣೆ ಕೈಗೆ ಸಿಗುವಂತಿರಲಿ. ಲೆಕ್ಕದಲ್ಲಿ ಸಂದೇಹವಿದ್ದರೆ ಸಮೀಪದ ಕೃಷಿ ವಿಜ್ಞಾನ ಕೇಂದ್ರದವರನ್ನು ಅಥವಾ ಕೃಷಿ ಇಂಜಿನಿಯರಿಂಗ್ ತಜ್ಞರನ್ನು ಸಂಪರ್ಕಿಸಬಹುದು.